ಅರ್ಧಕ್ಕೆ ನಿಂತ ಹೆಸರು

ಮೂರಕ್ಷರದ ಹೆಸರು. ಎರಡನೇ ಅಕ್ಷರದ ನಡುವೆ ಮಷಿನ್ ಕೈಕೊಟ್ಟಿತು.

ಚಿಕ್ಕಪ್ಪನ ಮಗ, ನಮ್ಮಣ್ಣ, ಹುಬ್ಬಳ್ಳಿಯಲ್ಲಿ ಸಣ್ಣದೊಂದು ಟ್ಯಾಟೂ ಅಂಗಡಿ ಇಟ್ಟಿದ್ದಾನೆ. ಅವತ್ತು ಬಂದವರು ಲಾರಿ ಡ್ರೈವರ್ ಒಬ್ಬರು. ಮುಂಗೈ ಮೇಲೆ ಮಗಳ ಹೆಸರು ಬೇಕಿತ್ತು. ಅರ್ಧ ತಾಸಿನಲ್ಲಿ ಮಷಿನ್ ಹಿಡಿಯಲಾಗದಷ್ಟು ಬಿಸಿಯಾಗಿ, ಸದ್ದು ಕುಗ್ಗಿ, ಗೆರೆ ಚುಕ್ಕಿ ಚುಕ್ಕಿಯಾಗಿ ಬೀಳತೊಡಗಿತು. ಕನ್ನಡ ಅಕ್ಷರದಲ್ಲಿ ನೇರ ಗೆರೆ ಕಡಿಮೆ, ಎಲ್ಲ ಸುರುಳಿಯೇ. ತ್ರಾಣವಿಲ್ಲದ ಸೂಜಿ ಸುರುಳಿಯಲ್ಲಿ ಚುಚ್ಚುವ ಬದಲು ಚರ್ಮವನ್ನು ಎಳೆಯುತ್ತದೆ. ಅಣ್ಣ ಕೈ ತೆಗೆದ. ಗೆರೆ ಎಳೆಯಲು ಅವನ ಹತ್ತಿರ ಇದ್ದದ್ದು ಅದೊಂದೇ ಮಷಿನ್. ದುಡ್ಡು ವಾಪಸ್ ಕೊಟ್ಟು, ‘ಪೂರ್ತಿ ಮಾಯಲಿ, ಒಂದು ತಿಂಗಳು ಬಿಟ್ಟು ಬರ್ರಿ’ ಎಂದು ಕಳಿಸಿದ. ಮರುದಿನ ಬೆಳಿಗ್ಗೆ ಹಾವೇರಿಯ ನಮ್ಮ ಮೋಟಾರ್ ವೈಂಡಿಂಗ್ ಅಂಗಡಿಯ ಮುಂದೆ ನಿಂತಿದ್ದ.

ಅಪ್ಪ ಮಷಿನ್ ತಿರುಗಿಸಿ ಮುರುಗಿಸಿ ನೋಡಿ, ‘ಇದು ನಮ್ಮ ಕರೆಗಂಟಿ ಅಲ್ಲೇನಲೇ?’ ಎಂದರು.

ಅದು ನಿಜ. ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದದ್ದು ಕಾಗದಕ್ಕೆ ತೂತು ಹೊಡೆದು ನಕಲು ತೆಗೆಯುವ ವಿದ್ಯುತ್ ಲೇಖನಿಗೆ. ಅದೇ ಉಪಾಯದ ಮೇಲೆ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ’ರೈಲಿ 1891ರಲ್ಲಿ ಹಚ್ಚೆ ಯಂತ್ರದ ಪೇಟೆಂಟ್ ಪಡೆದ. ಅದೇ ಊರಿನ ಚಾರ್ಲಿ ವ್ಯಾಗ್ನರ್ 1904ರಲ್ಲಿ, ಪರ್ಸಿ ವಾಟರ್ಸ್ 1929ರಲ್ಲಿ ತಮ್ಮ ತಮ್ಮ ಯಂತ್ರಗಳಿಗೆ ಪೇಟೆಂಟ್ ಪಡೆದರು. ಕಾಯಿಲ್ ಮಷಿನ್ನಿನ ಒಳಗಿರುವುದು ಮಾತ್ರ ಗಂಟೆಯ ಕೆಲಸವೇ. ಕರೆಂಟು ಹರಿದಾಗ ಎರಡು ಕಾಯಿಲ್ ಸೇರಿ ಮೇಲಿನ ಕಬ್ಬಿಣದ ಪಟ್ಟಿಯನ್ನು ಎಳೆಯುತ್ತವೆ, ಸೂಜಿ ಇಳಿಯುತ್ತದೆ. ಇಳಿದ ಕೂಡಲೇ ಸಂಪರ್ಕ ಕಡಿದು ಅಯಸ್ಕಾಂತ ಸಾಯುತ್ತದೆ, ಸ್ಪ್ರಿಂಗ್ ಪಟ್ಟಿಯನ್ನು ಮೇಲೆತ್ತುತ್ತದೆ, ಮತ್ತೆ ಸಂಪರ್ಕ. ಸೆಕೆಂಡಿಗೆ ನೂರರ ಆಸುಪಾಸು ಸಲ. ಗಂಟೆ ಬಡಿಯುವ ಜಾಗದಲ್ಲಿ ಸೂಜಿ, ಅಷ್ಟೇ.

ಕಾಯಿಲ್ ಬಿಚ್ಚಿದಾಗ ಮೊದಲ ಮೋಸ ಕಂಡಿತು. ತಂತಿ ತಾಮ್ರದ ಬಣ್ಣದ್ದೇ. ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ. ಅಲ್ಯುಮಿನಿಯಂ! ಪಂಪ್‌ಸೆಟ್ಟಿನಲ್ಲಿ ಈ ಆಟ ನಾವು ಎಷ್ಟೋ ಸಲ ಕಂಡಿದ್ದೇವೆ. ಅಷ್ಟೇ ದಪ್ಪದ ತಂತಿಯಲ್ಲಿ ಅಲ್ಯುಮಿನಿಯಂ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತಡೆ ಒಡ್ಡುತ್ತದೆ. ಎಳೆತ ಕಡಿಮೆ ಎಂದು ವೋಲ್ಟೇಜ್ ಏರಿಸುತ್ತಾರೆ, ಏರಿಸಿದ್ದು ಶಾಖವಾಗಿ ಕೈಗೆ ತಗಲುತ್ತದೆ. ಅರ್ಧ ಮಿಲಿಮೀಟರಿನಷ್ಟು ದಪ್ಪದ ಎನಾಮಲ್ ತಾಮ್ರ ನಮ್ಮಲ್ಲಿ ಯಾವಾಗಲೂ ಇರುತ್ತದೆ. ಎಂಟು ಪದರ ನಾನೇ ಸುತ್ತಿದೆ. ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಮಾಡುತ್ತಿರುವುದೂ ಅದನ್ನೇ.

ಇಷ್ಟಕ್ಕೇ ಸರಿಹೋಗುತ್ತದೆ ಎಂದುಕೊಂಡಿದ್ದೆ. ನನ್ನ ಜಾಣತನ ಕೆಟ್ಟದ್ದು ಕೋರ್‌ನಲ್ಲಿ. ಕಾಯಿಲ್ ನಡುವಿನ ಹಳೆಯ ಸಳಿಯ ದಾರ ಹರಿದಿತ್ತು. ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂದು ಟ್ರ್ಯಾಕ್ಟರಿನ ಹೈ ಟೆನ್ಸೈಲ್ ಬೋಲ್ಟ್ ಕೊಯ್ದು ಹಾಕಿದೆ. ಮಷಿನ್ ಎರಡು ಸಲ ಟರ್ರ್ ಎಂದು, ಪಟ್ಟಿ ಕೆಳಗೇ ಅಂಟಿಕೊಂಡಿತು. ಸ್ವಿಚ್ ಆರಿಸಿದರೂ ಬಿಡಲೊಲ್ಲದು!

‘ಗಟ್ಟಿ ಉಕ್ಕು ಹಂಗ ತಂಗಿ, ಕರೆಂಟ್ ಹೋದ ಮ್ಯಾಲೂ ಹಿಡಕೊಂಡ ಕುಂದರತೈತಿ. ಮೆತ್ತನ ಕಬ್ಬಿಣ ಹಚ್ಚು, ತಟ್ಟನ ಹಿಡಿತೈತಿ, ತಟ್ಟನ ಬಿಡತೈತಿ’ ಎಂದರು ಅಪ್ಪ.

ಗಟ್ಟಿಗೊಳಿಸಿದ ಉಕ್ಕಿನಲ್ಲಿ ಅಯಸ್ಕಾಂತತೆ ಉಳಿದುಬಿಡುತ್ತದೆ ಎಂದು ಮೂರನೇ ಸೆಮಿಸ್ಟರಿನಲ್ಲಿ ನಾನೇ ಬರೆದು ಪಾಸಾಗಿದ್ದೆ ಎನ್ನುವುದನ್ನು ಆ ಹೊತ್ತಿಗೆ ಹೇಳಲಿಲ್ಲ. ಲೇತ್‌ನಲ್ಲಿ ಸಾದಾ ಎಂ.ಎಸ್. ಸಳಿ ಕಡೆಸಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಟ್ಟೆವು. ನಿಧಾನ ಆರಿದಷ್ಟೂ ಕಬ್ಬಿಣ ಮೆತ್ತಗಾಗುತ್ತದೆ. ಮರುದಿನ ಪಟ್ಟಿ ಅಂಟಿಕೊಳ್ಳುವುದು ನಿಂತಿತು.

ಆದರೂ ಎಳೆತ ಸಾಲದು. ಎರಡು ಕೋರ್, ಮೇಲಿನ ಪಟ್ಟಿ, ಬುಡ, ಇವಿಷ್ಟೂ ಸೇರಿ ಕಬ್ಬಿಣದ ಒಂದು ಸುತ್ತು ಆಗಬೇಕು. ಅಯಸ್ಕಾಂತ ಬಲಕ್ಕೆ ಅದೇ ದಾರಿ. ಅಣ್ಣನ ಮಷಿನ್ನಿನ ಮೈ ಅಲ್ಯುಮಿನಿಯಂ. ಹಗುರ ಹೌದು, ಮೂರು ತಾಸು ಹಿಡಿದರೂ ಮಣಿಕಟ್ಟು ನೋಯುವುದಿಲ್ಲ, ಆದರೆ ಅಯಸ್ಕಾಂತಕ್ಕೆ ಅದು ಗಾಳಿ ಇದ್ದಂತೆ. ಹಿತ್ತಾಳೆಯೂ ಅಷ್ಟೆ, ಮೇಲಾಗಿ ಭಾರ. ಕಬ್ಬಿಣದ ಮೈಯಾದರೆ ತಾನೇ ದಾರಿಯಾಗುತ್ತದೆ, ತುಕ್ಕಿನ ಕಾಟ ಮಾತ್ರ ಸಹಿಸಬೇಕು. ನಾವು ಅಲ್ಯುಮಿನಿಯಂ ಬಿಡಲಿಲ್ಲ. ಕಾಯಿಲ್‌ಗಳ ಬುಡಕ್ಕೆ ಐದು ಮಿಲಿಮೀಟರ್ ಕಬ್ಬಿಣದ ತಟ್ಟೆ ಕೊಟ್ಟೆವು. ಎಳೆತ ಕಿವಿಗೇ ಕೇಳಿಸಿತು. ಅಂದಹಾಗೆ ಕರೆಂಟು ಮರಳುವುದೂ ಮಷಿನ್ನಿನ ಮೈಯ ಮೂಲಕವೇ. ಸ್ಪ್ರಿಂಗ್ ಕೂರುವ ಜಾಗಕ್ಕೂ ಚೆಂದದ ಕಪ್ಪು ಬಣ್ಣ ಬಳಿದಿದ್ದರು, ಕೆರೆದು ಹಾಕಿದೆವು.

ಸ್ಪ್ರಿಂಗಿನ ಕಥೆ ಬೇರೆ. ಹ್ಯಾಕ್ಸಾ ಬ್ಲೇಡಿನ ತುಂಡು ಹಾಕಿದೆ, ಹತ್ತು ನಿಮಿಷಕ್ಕೆ ಪಟ್ ಎಂದು ಮುರಿಯಿತು. ಆಮೇಲೆ ಸುಮಾರು ಅರ್ಧ ಮಿಲಿಮೀಟರಿನ ಸ್ಪ್ರಿಂಗ್ ಪಟ್ಟಿ ತಂದು, ತೂತು ಹಾಕುವ ಆತುರದಲ್ಲಿ ನೀಲಿಗಟ್ಟುವವರೆಗೆ ಡ್ರಿಲ್ ಒತ್ತಿದೆ. ಕಾದ ಉಕ್ಕು ಹದ ಕಳೆದುಕೊಂಡು ಬಾಗಿತು. ಮೂರನೆಯದಕ್ಕೆ ಎಣ್ಣೆ ಹನಿಸುತ್ತಾ, ನಿಂತು ನಿಂತು ತೂತು ಹಾಕಿದ್ದು ಅಪ್ಪ.

ಇನ್ನು ಸಂಪರ್ಕದ ತಿರುಪು. ಪ್ರತಿ ಸಲ ಸಂಪರ್ಕ ಕಡಿದಾಗಲೂ ಅಲ್ಲೊಂದು ಕಿಡಿ ಹಾರುತ್ತದೆ, ಹಿತ್ತಾಳೆ ಬೇಗ ಸುಟ್ಟು ಕಪ್ಪಾಗುತ್ತದೆ. ಬೆಳ್ಳಿ ಒಳ್ಳೆಯದು. ಅಂಗಡಿಯ ಮೂಲೆಯಲ್ಲಿದ್ದ ಹಳೆ ಸ್ಟಾರ್ಟರುಗಳ ಕಾಂಟ್ಯಾಕ್ಟಿನಲ್ಲಿ ಬೆಳ್ಳಿ ಇರುತ್ತದೆ ಎಂದು ಕೈ ಹಾಕಿದೆ. ಅಪ್ಪ ಬೇಡವೆಂದರು. ಎಷ್ಟೋ ಹಳೆಯವುಗಳಲ್ಲಿ ಕ್ಯಾಡ್ಮಿಯಂ ಬೆರಕೆ, ಅದರ ಪುಡಿ ಹಸಿ ಗಾಯದ ಹತ್ತಿರ ಸುಳಿಯಬಾರದು. ಅಕ್ಕಸಾಲಿಗರ ಹತ್ತಿರ ಅಮ್ಮನ ಸವೆದ ಕಾಲುಂಗುರ ಕೊಟ್ಟು ತುದಿ ಕೂಡಿಸಿಕೊಂಡು ಬಂದೆವು. ಕಿಡಿ ನುಂಗಲು 47 ಮೈಕ್ರೋಫ್ಯಾರಡ್‌ನ ಹೊಸ ಕೆಪಾಸಿಟರ್. ಹಳೆಯದು ಶಾಖಕ್ಕೆ ಒಣಗಿ ಹೋಗಿತ್ತು.

ಈ ನಡುವೆ ಅಜ್ಜಿ ಬಂದು ಕೂತು, ತನ್ನ ಮೊಣಕೈವರೆಗಿನ ಹಸಿರು ಹಚ್ಚೆ ತೋರಿಸಿದಳು. ಕೊರವರ ಹೆಂಗಸು ನಾಲ್ಕು ಸೂಜಿ ಕಟ್ಟಿ ಜಗಲಿಯ ಮೇಲೆ ಹಾಕಿದ್ದಂತೆ. ‘ಆಕಿ ಕೈ ಏನ್ ಬಿಸಿ ಆಗಿರಲಿಲ್ಲ ತಗೊ’ ಎಂದಳು. ಆದರೆ ಒಂದೇ ಸೂಜಿಯಲ್ಲಿ ಊರಿಗೆಲ್ಲ ಹಾಕಿದ್ದನ್ನು ಕೇಳಿ ಅಣ್ಣ ಬೆವೆತ. ಅವನು ಪ್ರತಿಯೊಬ್ಬರಿಗೂ ಹೊಸ ಸೂಜಿ ಒಡೆಯುತ್ತಾನೆ, ಸ್ಟೀಲ್ ಹಿಡಿಕೆಯನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಹಬೆಗೆ ಇಡುತ್ತಾನೆ. ಕಾಯಿಲ್ ಇರುವ ಮೈಯನ್ನು ಹಾಗೆ ಇಡಲು ಬಾರದು, ಅದಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸುತ್ತಾನೆ.

ಎಲ್ಲ ಜೋಡಿಸಿ ಎಂಟು ವೋಲ್ಟ್ ಕೊಟ್ಟಾಗ ಹೊರಟ ಸದ್ದು ದುಂಬಿಯದು. ಅಪ್ಪ ಕಣ್ಣು ಮುಚ್ಚಿ ಕೇಳಿ, ಪಂಪಿಗೆ ಮಾಡುವಂತೆಯೇ, ತಿರುಪನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರು. ಅಣ್ಣ ಮೊದಲು ಬಾಳೆಹಣ್ಣಿನ ಸಿಪ್ಪೆಯ ಮೇಲೆ, ಆಮೇಲೆ ತನ್ನದೇ ತೊಡೆಯ ಮೇಲೆ ‘ಅ’ ಬರೆದು ನೋಡಿದ. ಸುರುಳಿ ಎಲ್ಲೂ ಕಡಿಯಲಿಲ್ಲ.

ಡ್ರೈವರ್ ಬರಲಿಕ್ಕಿಲ್ಲ ಎಂದೇ ನಾವಂದುಕೊಂಡಿದ್ದೆವು. ಐದನೇ ವಾರ ಬಂದರು. ನಾನೂ ಹೋಗಿದ್ದೆ. ಉಳಿದ ಒಂದೂವರೆ ಅಕ್ಷರಕ್ಕೆ ಮುಕ್ಕಾಲು ತಾಸು ಹಿಡಿಯಿತು. ನಡುವೆ ಅಣ್ಣ ಮಷಿನ್ ನನ್ನ ಅಂಗೈಗೆ ತಾಗಿಸಿದ, ಉಗುರು ಬೆಚ್ಚಗಿತ್ತು. ಹಳೆ ಗೆರೆ ಹೊಸ ಗೆರೆ ಕೂಡಿದ ಜಾಗ ದಿಟ್ಟಿಸಿದರೆ ಈಗಲೂ ಗೊತ್ತಾಗುತ್ತದೆ. ಅವರು ಅದನ್ನು ನೋಡಿದರೋ ಇಲ್ಲವೋ, ಫೋಟೊ ತೆಗೆದು ಅಲ್ಲಿಂದಲೇ ಮಗಳಿಗೆ ಕಳಿಸಿದರು.

ಪಂಪ್‌ಸೆಟ್, ಮಿಕ್ಸಿ, ಫ್ಯಾನ್ ಎಂದಿರುವ ನಮ್ಮ ಬೋರ್ಡಿಗೆ ಟ್ಯಾಟೂ ಮಷಿನ್ ಎಂದೂ ಸೇರಿಸಲೇ ಎಂದು ಆ ಸಂಜೆ ಅಪ್ಪನನ್ನು ಕೇಳಿದೆ.

‘ಮದ್ಲ ಆ ಮಿಕ್ಸಿ ಮುಗಸು. ನಿನ್ನೆಯಿಂದ ಮೂರ್ ಸಲ ಬಂದು ಹೋದ್ರು’ ಎಂದರು.