ದೊಡ್ಡಾಸ್ಪತ್ರೆಯ ದಾರಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕರಲ್ಲಿ ಯಾವ ಊರಿನ ಬಸ್ ನಿಲ್ದಾಣದಲ್ಲಾದರೂ ಬೆಳಿಗ್ಗೆ ನಿಂತು ನೋಡಿ. ಮೈಸೂರು ಬಸ್ಸಿಗೆ ಕಾಯುವವರ ನಡುವೆ ಕಂಕುಳಲ್ಲಿ ಎಕ್ಸ್‌ರೇ ಲಕೋಟೆ, ಕೈಯಲ್ಲಿ ಮಡಚಿದ ಚೀಟಿ ಹಿಡಿದವರು ಕಾಣುತ್ತಾರೆ. ಎಲ್ಲಿಗೆ ಎಂದರೆ ‘ದೊಡ್ಡಾಸ್ಪತ್ರೆಗೆ’ ಅನ್ನುತ್ತಾರೆ. ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಈ ಸೀಮೆಯ ಬಾಯಲ್ಲಿ ಇರುವ ಹೆಸರು ಅದು. ಇವರ ತಾಲ್ಲೂಕಿನಲ್ಲೂ ಆಸ್ಪತ್ರೆಯಿದೆ, ಹೋಬಳಿಗಳಲ್ಲಿ ಆರೋಗ್ಯ ಕೇಂದ್ರಗಳಿವೆ. ಆದರೆ ಬೇಕಾದ ಹೊತ್ತಿಗೆ ಬೇಕಾದ ಡಾಕ್ಟರು ಸಿಗುವುದು ಕಷ್ಟ.

ಸರಾಸರಿಯ ಮರೆಯಲ್ಲಿ

ಜಿಲ್ಲೆಯ ಡಾಕ್ಟರುಗಳನ್ನೆಲ್ಲ ಎಣಿಸಿ ಜನಸಂಖ್ಯೆಗೆ ಹಂಚಿದರೆ ಮೈಸೂರು ಬಡ ಜಿಲ್ಲೆಯಾಗಿ ಕಾಣುವುದಿಲ್ಲ. ಮೈಸೂರು ಸಂಸ್ಥಾನದ ಮೊದಲ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 1930ರಲ್ಲಿ ಮೈಸೂರಿಗೆ ಬಂತು. 1984ರಲ್ಲಿ ಜೆಎಸ್ಎಸ್ ವೈದ್ಯಕೀಯ ಕಾಲೇಜು ಸೇರಿಕೊಂಡಿತು. ಅಂದರೆ ಡಾಕ್ಟರನ್ನು ತಯಾರು ಮಾಡುವ ಜಾಗವೇ ಇದು. 2011ರ ಜನಗಣತಿಯಲ್ಲಿ ಜಿಲ್ಲೆಯ 30 ಲಕ್ಷ ಜನರ ಪೈಕಿ ಸುಮಾರು 10 ಲಕ್ಷ ಮಂದಿ ಇದ್ದದ್ದು ಈ ನಾಲ್ಕು ತಾಲ್ಲೂಕುಗಳಲ್ಲಿ. ತಜ್ಞ ವೈದ್ಯರಲ್ಲಿ ಹೆಚ್ಚಿನವರು ಮಾತ್ರ ನಗರದ ಕೆಲವೇ ಬಡಾವಣೆಗಳಲ್ಲಿ ನೆಲೆಸಿದ್ದಾರೆ.

ವೇಲ್ಸ್ ನಾಡಿನ ಗಣಿ ಹಳ್ಳಿಯೊಂದರಲ್ಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಇದನ್ನು ಒಂದು ನಿಯಮವೆಂಬಂತೆ ಹೇಳಿದರು. ಕಾಯಿಲೆ ಹೆಚ್ಚಿರುವ ಕಡೆ ಆರೈಕೆ ಕಡಿಮೆ. ವೈದ್ಯಕೀಯವನ್ನು ಮಾರುಕಟ್ಟೆಯ ಕೈಗೆ ಬಿಟ್ಟಷ್ಟೂ ಈ ಅಂತರ ಬೆಳೆಯುತ್ತದೆ. ಇದಕ್ಕೆ ‘ವಿಲೋಮ ಆರೈಕೆ ನಿಯಮ’ ಎಂದು ಹೆಸರು.

ನಾಲ್ಕು ತಾಲ್ಲೂಕು, ನಾಲ್ಕು ಬಗೆ

ಕೊರತೆ ಎಲ್ಲ ಕಡೆ ಒಂದೇ ರೂಪದಲ್ಲಿಲ್ಲ. ಕೆ.ಆರ್. ನಗರ ಮೈಸೂರಿಗೆ ಸುಮಾರು 40 ಕಿ.ಮೀ. ಹತ್ತಿರವಿರುವುದೇ ಇಲ್ಲಿ ತೊಡಕು. ನಗರದಲ್ಲಿ ಮನೆ ಮಾಡಿಕೊಂಡು ದಿನಾ ಬಂದು ಹೋಗುವುದು ಸುಲಭವಾದಾಗ ಹಗಲಿಗೆ ಡಾಕ್ಟರು ಸಿಕ್ಕರೂ ರಾತ್ರಿ ಬರಿದಾಗುತ್ತದೆ. ಹುಣಸೂರು ಮಡಿಕೇರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಹೊಗೆಸೊಪ್ಪಿನ ಬೆಳೆಗಾರರ ಜೊತೆಗೆ ಅಪಘಾತದ ಗಾಯಾಳುಗಳನ್ನೂ ಅಲ್ಲಿನ ಆಸ್ಪತ್ರೆ ನೋಡಬೇಕು. ಪಿರಿಯಾಪಟ್ಟಣದ ಪಶ್ಚಿಮದ ಹಳ್ಳಿಗಳಿಗೆ ಮೈಸೂರಿಗಿಂತ ಕೊಡಗಿನ ಕುಶಾಲನಗರವೇ ಹತ್ತಿರ. ಅದೇ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ ವಸತಿಯವರು ತಮ್ಮದೇ ಆಸ್ಪತ್ರೆ ಕಟ್ಟಿಕೊಂಡಿದ್ದಾರೆ.

ಎಚ್.ಡಿ. ಕೋಟೆಯ ಸ್ಥಿತಿ ಬೇರೆ. ಕಬಿನಿ ಹಿನ್ನೀರು ಒಂದು ಕಡೆ, ನಾಗರಹೊಳೆ ಮತ್ತು ಬಂಡೀಪುರದ ಕಾಡು ಇನ್ನೊಂದು ಕಡೆ. ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳು ಕಾಡಂಚಿನಲ್ಲಿ ಚದುರಿವೆ. ಗಡಿಯ ಡಿ.ಬಿ. ಕುಪ್ಪೆ ಕಡೆಯ ಜನರಿಗೆ ನದಿಯಾಚೆ ಕೇರಳದ ವಯನಾಡು ಕಣ್ಣೆದುರಿಗೇ ಇದೆ, ತಾಲ್ಲೂಕು ಕೇಂದ್ರ ಕಾಡಿನಾಚೆ ಇದೆ. ಕಾಡಿನೊಳಗಿನ ಮಾನಂದವಾಡಿ ರಸ್ತೆ ರಾತ್ರಿ ಮುಚ್ಚಿರುತ್ತದೆ. ಹಾವು ಕಚ್ಚಿದವನಿಗೂ ಹೆರಿಗೆ ನೋವು ಬಂದವಳಿಗೂ ದೂರವನ್ನು ಗಂಟೆಯಲ್ಲೇ ಅಳೆಯಬೇಕು.

ಒಬ್ಬರಿಲ್ಲದಿದ್ದರೆ

ಸರ್ಕಾರದ ಮಾನದಂಡದಂತೆ ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಹಾಗೂ ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಕಟ್ಟಡದ ಲೆಕ್ಕದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಕಷ್ಟವಿರುವುದು ಅದರ ಮೇಲಿನ ಹಂತದಲ್ಲಿ, ತಜ್ಞರು ಒಟ್ಟಿಗೆ ಇರಬೇಕಾದ ಆಸ್ಪತ್ರೆಗಳಲ್ಲಿ.

ಒಂದು ಸಿಸೇರಿಯನ್ ಹೆರಿಗೆಯನ್ನೇ ನೋಡಿ. ಹೆರಿಗೆ ತಜ್ಞರು, ಅರಿವಳಿಕೆ ಕೊಡುವವರು, ಮಗುವನ್ನು ನೋಡಿಕೊಳ್ಳುವ ಮಕ್ಕಳ ಡಾಕ್ಟರು, ನರ್ಸ್, ರಕ್ತ, ಇಷ್ಟೂ ಒಂದೇ ಹೊತ್ತಿಗೆ ಒದಗಬೇಕು. ಅರಿವಳಿಕೆ ಡಾಕ್ಟರೊಬ್ಬರು ರಜೆಯಲ್ಲಿದ್ದರೆ ಉಳಿದವರೆಲ್ಲ ಇದ್ದೂ ‘ಮೈಸೂರಿಗೆ ಕರ್ಕೊಂಡು ಹೋಗಿ’ ಎಂದೇ ಬರೆದುಕೊಡಬೇಕಾಗುತ್ತದೆ. ಕಡತದಲ್ಲಿ ಒಂದು ಹುದ್ದೆ ಖಾಲಿ. ತಾಯಿಯ ಪಾಲಿಗೆ ಇಡೀ ಆಸ್ಪತ್ರೆಯೇ ಖಾಲಿ. ಈ ಕೊಂಡಿ ಕಳಚದಂತೆ ಎಂಬಿಬಿಎಸ್ ಡಾಕ್ಟರುಗಳಿಗೇ ಜೀವರಕ್ಷಕ ಅರಿವಳಿಕೆಯ ತರಬೇತಿ ಕೊಡುವ ಯೋಜನೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿದೆ.

ಕಾನೂನು ಕರೆತರಬಹುದು, ಉಳಿಸಿಕೊಳ್ಳಲಾರದು

ಓದು ಮುಗಿಸಿದ ವೈದ್ಯರು ಒಂದು ವರ್ಷ ಕಡ್ಡಾಯ ಸೇವೆ ಮಾಡಬೇಕೆಂಬ ಕಾನೂನನ್ನು ಕರ್ನಾಟಕ 2012ರಲ್ಲಿ ರೂಪಿಸಿತು. ಅದರಿಂದ ಖಾಲಿ ಕುರ್ಚಿ ತುಂಬಬಹುದು. ಆದರೆ ಬಿಪಿ, ಸಕ್ಕರೆ ಕಾಯಿಲೆ, ಹಾಡಿಗಳಲ್ಲಿ ಕಾಣುವ ಕುಡಗೋಲು ಕಣ ರಕ್ತಹೀನತೆ ಇವೆಲ್ಲ ವರ್ಷಗಟ್ಟಲೆ ಒಬ್ಬರೇ ಡಾಕ್ಟರ ಕಣ್ಣಿನಲ್ಲಿರಬೇಕಾದ ರೋಗಗಳು. ಡಾಕ್ಟರಿಗೆ ಊರಿನ ಮನೆಗಳ ಗುರುತು ಸಿಗುವಷ್ಟರಲ್ಲಿ ವರ್ಷ ಮುಗಿದಿರುತ್ತದೆ.

ಚಿಕ್ಕ ವಯಸ್ಸಿನ ಡಾಕ್ಟರು ಹಳ್ಳಿಯಿಂದ ಹೊರಟುಹೋಗುವುದನ್ನು ದುರಾಸೆ ಎಂದು ತಳ್ಳಿಹಾಕಬಾರದು. ಸೋರುವ ವಸತಿಗೃಹ, ಮಕ್ಕಳಿಗೆ ಶಾಲೆ, ಗಂಡ ಅಥವಾ ಹೆಂಡತಿಯ ಕೆಲಸ, ಸ್ನಾತಕೋತ್ತರ ಪರೀಕ್ಷೆಯ ಓದು, ಇವು ನಿಜವಾದ ಚಿಂತೆಗಳು. ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಒಂಟಿತನ. ನಡುರಾತ್ರಿ ಕಠಿಣ ಹೆರಿಗೆ ಬಂದಾಗ ‘ಏನು ಮಾಡಲಿ’ ಎಂದು ಕೇಳಲು ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರಿಲ್ಲ.

ನಿಂತವರಿಂದ ಕಲಿಯುವುದು

ಎಚ್.ಡಿ. ಕೋಟೆಯಲ್ಲಿ ನಿಂತು ತೋರಿಸಿದವರೂ ಇದ್ದಾರೆ. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಮುಂದೆ ಬ್ರಹ್ಮಗಿರಿಯಲ್ಲಿ ಆದಿವಾಸಿಗಳ ನಡುವೆ ಕೆಲಸಕ್ಕಿಳಿದರು. ಕೆಂಚನಹಳ್ಳಿ, ಸರಗೂರುಗಳಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆ ಎದ್ದವು. ಅವರ ಬದ್ಧತೆ ದೊಡ್ಡದು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಅವರು ತಂಡವಾಗಿ ಬಂದರು, ತಂಡವಾಗಿಯೇ ಬದುಕು ಕಟ್ಟಿಕೊಂಡರು.

ಊರಿನವರನ್ನೇ ಡಾಕ್ಟರಾಗಿಸುವುದು ಇನ್ನೊಂದು ದಾರಿ. ಜಪಾನಿನಲ್ಲಿ 1972ರಲ್ಲಿ ಶುರುವಾದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಪ್ರತಿ ಪ್ರಾಂತ್ಯದಿಂದ ಕೆಲವರನ್ನು ಆರಿಸಿ ಓದಿಸುತ್ತದೆ. ಅವರು ಮರಳಿ ತಮ್ಮ ಪ್ರಾಂತ್ಯದಲ್ಲೇ 9 ವರ್ಷ ಸೇವೆ ಮಾಡಬೇಕು. ಹಳ್ಳಿಯಲ್ಲಿ ಬೆಳೆದವರು ಹಳ್ಳಿಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2010ರ ತನ್ನ ಶಿಫಾರಸುಗಳಲ್ಲಿ ಹೇಳಿದೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರನ ಮಗಳು, ಕೋಟೆಯ ಹಾಡಿಯ ಹುಡುಗ ಡಾಕ್ಟರಾಗಲು ದಾರಿ ಮಾಡಿಕೊಡುವುದೂ ಆರೋಗ್ಯ ಯೋಜನೆಯೇ.

ಊರು ಕೇಳಬೇಕಾದ ಪ್ರಶ್ನೆ

ಡಾಕ್ಟರನ್ನು ನೇಮಿಸುವುದು ಸರ್ಕಾರದ ಹೊಣೆ. ಆ ಹೊಣೆಯನ್ನು ಊರು ನೆನಪಿಸುತ್ತಲೇ ಇರಬೇಕು. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಯಿದೆ, ಪಂಚಾಯಿತಿಗೆ ಗ್ರಾಮಸಭೆಯಿದೆ. ಅಲ್ಲಿ ‘ಡಾಕ್ಟರಿದ್ದಾರಾ’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ರಾತ್ರಿ ಯಾರಿರುತ್ತಾರೆ? ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು ವಾರದಲ್ಲಿ ಎಷ್ಟು ದಿನ ಸಿಗುತ್ತಾರೆ? ಹಾವಿನ ವಿಷಕ್ಕೆ ಔಷಧಿ ಇವತ್ತು ದಾಸ್ತಾನಿದೆಯೇ? ಹೀಗೆ ಬಿಡಿಸಿ ಕೇಳಿ. ಕೊನೆಗೆ ಇನ್ನೂ ಒಂದು ಮಾತು ಕೇಳಿ: ನಾಳೆ ಒಬ್ಬ ಡಾಕ್ಟರು ಮಕ್ಕಳೊಂದಿಗೆ ಬಂದಿಳಿದರೆ, ಆ ವಸತಿಗೃಹದ ಮಾಡು ಈ ಮಳೆಗಾಲಕ್ಕೆ ಸೋರದೆ ನಿಂತೀತೇ?