ಎರಡು ಮೀಟರ್ ಮೇಲಿನ ಗೋಲು, ಕಾಯಲು ಒಂದೇ ಹುಟ್ಟು

ಕಯಾಕ್ ದೋಣಿಯಲ್ಲಿ ಕೂತು ಚೆಂಡಾಡುವ ಕೆನೊ ಪೋಲೊದಲ್ಲಿ ಎಲ್ಲರಿಗಿಂತ ಕಷ್ಟದ ಕೆಲಸ ಗೋಲು ಕಾಯುವವರದು. ಗೋಲು ನೀರಿನ ಮಟ್ಟದಲ್ಲಿ ಇರುವುದೇ ಇಲ್ಲ. ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರದ ಚೌಕಟ್ಟು, ಹಿಂದೆ ಬಲೆ. ಅದರ ಕೆಳಗಿನ ಪಟ್ಟಿ ನೀರಿನಿಂದ ಎರಡು ಮೀಟರ್ ಮೇಲಿರುತ್ತದೆ. ಅದರ ನೇರ ಕೆಳಗೆ, ಸೊಂಟದವರೆಗೆ ದೋಣಿಯೊಳಗೆ ಇಳಿದು ಕೂತ ಆಟಗಾರ. ಎದ್ದು ನಿಲ್ಲುವಂತಿಲ್ಲ, ಜಿಗಿಯುವಂತಿಲ್ಲ. ಕೈ ಎತ್ತಿದರೂ ಗೋಲು ಎಟುಕುವುದಿಲ್ಲ. ಅವರ ಬಳಿ ಇರುವುದು ಎರಡೂ ತುದಿಗೆ ಅಲಗಿರುವ ಒಂದು ಹುಟ್ಟು ಮಾತ್ರ.

ಆ ಹುಟ್ಟನ್ನು ನೆಟ್ಟಗೆ ಮೇಲೆತ್ತಿ, ಅಲಗನ್ನು ಚೆಂಡಿಗೆ ಎದುರಾಗಿಸಿ ಹಿಡಿಯಬೇಕು. ಸಂಕಟ ಶುರುವಾಗುವುದು ಅಲ್ಲಿಂದಲೇ. ದೋಣಿಯನ್ನು ಮುಂದೆ ಹಿಂದೆ ಮಾಡಲು, ತಿರುಗಿಸಲು, ಮಗುಚದಂತೆ ಊರಿಕೊಳ್ಳಲು ಬೇಕಾದದ್ದೂ ಅದೇ ಹುಟ್ಟು. ಅದು ಆಕಾಶ ನೋಡುತ್ತಿರುವಷ್ಟು ಹೊತ್ತು ದೋಣಿಯನ್ನು ಹಿಡಿದಿಡುವ ಕೆಲಸ ಸೊಂಟ ಮತ್ತು ತೊಡೆಗಳಿಗೆ ಬೀಳುತ್ತದೆ. ಮಂಡಿಗಳನ್ನು ದೋಣಿಯ ಒಳಮೈಗೆ ಒತ್ತಿ, ನೀರು ಅಲುಗಿದಂತೆಲ್ಲ ಸೊಂಟವನ್ನು ಆ ಕಡೆ ಈ ಕಡೆ ಸಡಿಲಿಸುತ್ತ, ಕಣ್ಣನ್ನು ಚೆಂಡಿನ ಮೇಲೇ ಇಟ್ಟಿರಬೇಕು. ಗೋಲು ಕಾಯುತ್ತಿರುವವರನ್ನು ನೇರವಾಗಿ ತಳ್ಳುವಂತಿಲ್ಲ ಎಂಬ ನಿಯಮವೇನೋ ಇದೆ. ಅದಕ್ಕೆ ಎದುರಾಳಿಗಳು ಬೇರೆ ದಾರಿ ಹುಡುಕಿಕೊಂಡಿದ್ದಾರೆ. ಕಾವಲಿಗಿರುವ ಇನ್ನೊಬ್ಬ ಆಟಗಾರನ ದೋಣಿಯನ್ನು ನೂಕಿ ಗೋಲಿನ ಕೆಳಗಿನ ದೋಣಿಗೆ ತಾಗಿಸುತ್ತಾರೆ. ದೋಣಿ ಒಂದಡಿ ಸರಿದರೆ ಸಾಕು, ಗೋಲಿನ ಒಂದು ಮೂಲೆ ತೆರೆದುಕೊಳ್ಳುತ್ತದೆ.

ಈ ಕೆಲಸಕ್ಕೆಂದೇ ನೇಮಿಸಿದ ಕಾಯಂ ಗೋಲ್‌ಕೀಪರ್ ಇರಲೇಬೇಕೆಂದಿಲ್ಲ. ಆ ಕ್ಷಣದಲ್ಲಿ ಗೋಲಿನ ಕೆಳಗೆ ಹುಟ್ಟೆತ್ತಿ ಕೂತವರೇ ಕೀಪರ್. ಚೆಂಡು ತಡೆದ ಮರುಕ್ಷಣ ಅದನ್ನು ನೀರಿನಿಂದ ಎತ್ತಿ ಎಸೆದು, ತಾನೂ ದಾಳಿಗೆ ಹೊರಡಬಹುದು.

ಉಳಿದ ನಿಯಮಗಳು ಸರಳ. ನೀರಲ್ಲಿ ತಂಡಕ್ಕೆ ಐವರು, ಬದಲಿಗೆ ಮೂವರು. ಹತ್ತು ಹತ್ತು ನಿಮಿಷದ ಎರಡು ಅವಧಿ. ಅಂಕಣ 35 ಮೀಟರ್ ಉದ್ದ, 23 ಮೀಟರ್ ಅಗಲ. ಎರಡೂ ತಂಡಗಳು ತಮ್ಮ ಗೋಲಿನ ಗೆರೆಯ ಮೇಲೆ ಸಾಲಾಗಿರುತ್ತವೆ; ರೆಫರಿ ಚೆಂಡನ್ನು ನಡುನೀರಿಗೆ ಎಸೆಯುತ್ತಾರೆ, ಎರಡೂ ಕಡೆಯಿಂದ ಒಬ್ಬೊಬ್ಬರು ಬಾಣದಂತೆ ನುಗ್ಗುತ್ತಾರೆ. ಚೆಂಡು ಕೈಗೆ ಬಂದ ಮೇಲೆ ಐದು ಸೆಕೆಂಡಿನೊಳಗೆ ಅದನ್ನು ಬಿಡಬೇಕು, ತಂಡ 60 ಸೆಕೆಂಡಿನೊಳಗೆ ಗೋಲಿಗೆ ಎಸೆಯಬೇಕು. ಹೀಗಾಗಿ ಆಟ ಎಲ್ಲೂ ತಂಗುವುದಿಲ್ಲ. ಚೆಂಡು ವಾಟರ್ ಪೋಲೊದ್ದೇ. ದೋಣಿ ಮೂರು ಮೀಟರ್ ಮೀರುವಂತಿಲ್ಲ, ಅದರ ಎರಡೂ ಮೂತಿಗಳಿಗೆ ಮೆತ್ತನೆಯ ಹೊದಿಕೆ ಇರಬೇಕು. ತಲೆಗೆ ಮುಖದ ಜಾಲರಿಯುಳ್ಳ ಹೆಲ್ಮೆಟ್, ಮೈಗೆ ದಪ್ಪನೆಯ ತೇಲುಕವಚ. ಹುಟ್ಟಿನ ಅಂಚು ಕೂಡ ಚೂಪಾಗಿರಬಾರದೆಂದು ಅಳೆದು ನೋಡುತ್ತಾರೆ.

ಇಷ್ಟೆಲ್ಲ ರಕ್ಷಣೆ ಯಾಕೆಂದರೆ, ಇಲ್ಲಿ ಚೆಂಡು ಹಿಡಿದವರನ್ನು ಬೀಳಿಸುವುದಕ್ಕೆ ಅನುಮತಿಯಿದೆ. ತೆರೆದ ಅಂಗೈಯಿಂದ ಬೆನ್ನಿಗೋ ತೋಳಿಗೋ ಒಂದು ತಳ್ಳು. ದೋಣಿ ಮಗುಚುತ್ತದೆ, ತಲೆ ನೀರೊಳಗೆ, ಕಾಲು ಇನ್ನೂ ದೋಣಿಯಲ್ಲಿ. ಮೊದಲ ಸಲ ನೋಡುವವರ ಎದೆ ಧಸಕ್ಕೆನ್ನುವ ಹೊತ್ತಿಗೆ ಆಟಗಾರ ಇನ್ನೊಂದು ಬದಿಯಿಂದ ಮೇಲೆ ಬಂದಿರುತ್ತಾನೆ. ಇದಕ್ಕೆ ರೋಲ್ ಎನ್ನುತ್ತಾರೆ. ತಲೆಕೆಳಗಾಗಿದ್ದಾಗಲೇ ಹುಟ್ಟಿನ ಅಲಗನ್ನು ನೀರಿನ ಮೇಲ್ಮೈಗೆ ತಂದು ಬೀಸಬೇಕು, ಅದೇ ಕ್ಷಣ ಸೊಂಟವನ್ನು ಝಾಡಿಸಿ ದೋಣಿಯನ್ನು ನೆಟ್ಟಗೆ ಮಾಡಬೇಕು. ಮೊದಲು ದೋಣಿ, ಆಮೇಲೆ ಮೈ, ಎಲ್ಲಕ್ಕೂ ಕೊನೆಗೆ ತಲೆ. ಕಲಿಯುವವರು ಉಸಿರಿಗಾಗಿ ಮೊದಲು ತಲೆಯೆತ್ತುತ್ತಾರೆ, ಅದಕ್ಕೇ ಮತ್ತೆ ಮುಳುಗುತ್ತಾರೆ. ಪಳಗಿದವರು ಹುಟ್ಟೇ ಇಲ್ಲದೆ ಬರಿಗೈಯಲ್ಲಿ ಏಳುತ್ತಾರೆ. ದೋಣಿಯಿಂದ ಹೊರಬಿದ್ದರೆ ಮಾತ್ರ ಅಂಕಣ ಬಿಟ್ಟು ಹೋಗಬೇಕು.

ದೋಣಿಯಲ್ಲಿ ಕೂತು ಚೆಂಡಾಡುವುದು ಹೊಸದೇನಲ್ಲ. ಜರ್ಮನಿಯಲ್ಲಿ 1920ರ ದಶಕದಲ್ಲೇ ಇದರ ಹಳೆಯ ರೂಪವೊಂದು ಇತ್ತು. ಈಗಿನ ಆಟದ ಬೇರು ಮಾತ್ರ ಬ್ರಿಟನ್ನಿನ ಈಜುಕೊಳಗಳಲ್ಲಿದೆ. ಚಳಿಗಾಲದಲ್ಲಿ ನದಿಗೆ ಇಳಿಯಲಾಗದ ಕಯಾಕ್ ಕಲಿಕೆಯವರು ಒಳಾಂಗಣ ಕೊಳದಲ್ಲಿ ರೋಲ್ ಅಭ್ಯಾಸ ಮಾಡುತ್ತಿದ್ದರು. ಅಲ್ಲಿಗೆಂದೇ ಗಿಡ್ಡ, ಮೊಂಡು ಮೂತಿಯ ದೋಣಿ ಬಂತು, ಅಭ್ಯಾಸದ ಬೇಸರ ಕಳೆಯಲು ಚೆಂಡು ಬಂತು. 1994ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2005ರಲ್ಲಿ ಡುಯಿಸ್‌ಬರ್ಗ್‌ನ ವರ್ಲ್ಡ್ ಗೇಮ್ಸ್‌ಗೆ ಸೇರಿದ ಆಟ 2025ರಲ್ಲಿ ಚೆಂಗ್ಡುವಿನಲ್ಲೂ ಇತ್ತು. ಒಲಿಂಪಿಕ್ಸ್‌ಗೆ ಇನ್ನೂ ಕಾಲಿಟ್ಟಿಲ್ಲ.

ಭಾರತದಲ್ಲಿ ಕಯಾಕಿಂಗ್, ಕೆನೊಯಿಂಗ್ ಎಂದರೆ ನೆನಪಿಗೆ ಬರುವುದು ನೇರ ಓಟದ ಸ್ಪರ್ಧೆಗಳೇ. 1994ರ ಹಿರೋಷಿಮಾ ಏಷ್ಯನ್ ಗೇಮ್ಸ್‌ನಲ್ಲಿ ಬಂದ ಕಂಚಿನ ಪದಕದ ನಂತರ ಇನ್ನೊಂದು ಪದಕಕ್ಕೆ 29 ವರ್ಷ ಕಾಯಬೇಕಾಯಿತು; 2023ರಲ್ಲಿ ಹಾಂಗ್‌ಝೌನಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಮ್ ಜೋಡಿ 1,000 ಮೀಟರ್‌ನಲ್ಲಿ ಕಂಚು ತಂದಿತು. ಕರ್ನಾಟಕದಲ್ಲಿ ಹುಟ್ಟು ಹಿಡಿಯುವ ಆಸೆಯಿದ್ದವರು ಶರಾವತಿ ಹಿನ್ನೀರಿನ ಹೊನ್ನೆಮರಡುವಿಗೋ ಕಾಳಿ ನದಿಯ ದಾಂಡೇಲಿಗೋ ಹೋಗುತ್ತಾರೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹುಡುಗನಿಗೆ ಅವೆರಡೂ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ.

ಈ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಮಡಿಲಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ನಾಗರಕೆರೆಯನ್ನು ಹಾದು ಹೋಗುತ್ತದೆ. ಅದೇ ಬೆಟ್ಟಸಾಲಿನ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಗೆ. ಎರಡೂ ಕೆರೆಯಿಂದ ಕೆರೆಗೆ ಕೋಡಿ ಹರಿದರಷ್ಟೇ ನದಿಗಳು. ಇಂಥ ಕಡೆ ನೇರ ಓಟದ ದೋಣಿ ಸ್ಪರ್ಧೆ ನಡೆಸಬೇಕೆಂದರೆ ಒಂದು ಕಿಲೋಮೀಟರ್ ಉದ್ದಕ್ಕೂ ಆಳವಾದ, ಕಳೆಯಿಲ್ಲದ ನೀರು ಬೇಕು. ಕೆನೊ ಪೋಲೊ ಕೇಳುವುದು ಕೆರೆಯ ಒಂದು ಮೂಲೆಯನ್ನು. ಆಳವೂ ಹೆಚ್ಚು ಬೇಡ, 90 ಸೆಂಟಿಮೀಟರ್ ಇದ್ದರೆ ನಡೆಯುತ್ತದೆ. ಕೃಷಿಭಾಗ್ಯ ಯೋಜನೆಯ ದೊಡ್ಡ ಅಳತೆಯ ಕೃಷಿ ಹೊಂಡವೇ 21 ಮೀಟರ್ ಉದ್ದ, 21 ಮೀಟರ್ ಅಗಲ. ಅಂಕಣಕ್ಕೆ ಬೇಕಾದದ್ದು ಅಂಥ ಎರಡು ಹೊಂಡಗಳಿಗಿಂತ ಕಡಿಮೆ ಜಾಗ, ಅಷ್ಟೆ. ಹೊಸಕೋಟೆಯ ದೊಡ್ಡಕೆರೆಯಲ್ಲಿ ನೀರು ಅರ್ಧಕ್ಕೆ ಇಳಿದ ವರ್ಷವೂ ಇಷ್ಟು ಜಾಗ ಸಿಕ್ಕೀತು. ಮೀನು ಹಿಡಿಯುವವರ ತೆಪ್ಪಕ್ಕೂ ಹಕ್ಕಿಗಳಿಗೂ ತೊಂದರೆಯಾಗದಂತೆ ಒಂದು ಬದಿಗೆ ಹಗ್ಗ ಕಟ್ಟಿ ಆಡಬಹುದಾದ ಆಟ ಇದು. ಮೋಟಾರಿಲ್ಲ, ಎಣ್ಣೆಯಿಲ್ಲ.

ಅಡ್ಡಿ ಇರುವುದು ನೀರಿನ ಪ್ರಮಾಣದಲ್ಲಲ್ಲ, ಗುಣದಲ್ಲಿ. ರೋಲ್ ಮಾಡುವವರ ಕಣ್ಣು, ಮೂಗು, ಬಾಯಿ ಎಲ್ಲವೂ ನೀರೊಳಗೆ ಹೋಗುತ್ತವೆ. ದೊಡ್ಡಬಳ್ಳಾಪುರದ ಪಕ್ಕದ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ನಗರದ ಒಳಚರಂಡಿ ನೀರು ಮತ್ತು ಕೈಗಾರಿಕೆಗಳ ತ್ಯಾಜ್ಯ ಸೇರುತ್ತಿರುವುದರ ವಿರುದ್ಧ ಅಲ್ಲಿನ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಕುಡಿಯಲು, ದನಕ್ಕೆ ಕುಡಿಸಲು ಶುದ್ಧ ನೀರು ಬೇಕೆನ್ನುವವರ ಮುಂದೆ ಆಟದ ಮಾತು ಚಿಕ್ಕದಾಗಿ ಕೇಳಬಹುದು. ಆದರೆ ಮಕ್ಕಳು ಮುಖ ಮುಳುಗಿಸಬಲ್ಲ ಕೆರೆ ಎಂಬುದು ಆ ಬೇಡಿಕೆಯ ಭಾಗವೇ. ದೇವನಹಳ್ಳಿ ಕಡೆಯ ಕೆಲವು ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಬರುತ್ತದೆ. ಅಂತರ್ಜಲ ಏರಲೆಂದು ಎರಡು ಹಂತ ಶುದ್ಧೀಕರಿಸಿ ಬಿಡುವ ಆ ನೀರು ಈಜಿಗೆಂದು ಬಂದದ್ದಲ್ಲ. ಪಕ್ಕದ ಕೋಲಾರಕ್ಕೆ ಹೋಗುವ ಇಂಥದೇ ಯೋಜನೆಯಲ್ಲಿ 2018ರಲ್ಲಿ ಲಕ್ಷ್ಮೀಸಾಗರ ಕೆರೆ ನೊರೆಯೆದ್ದು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತ್ತು.

ಹಾಗಾದರೆ ಆಟ ತನ್ನ ಹಳೆಯ ದಾರಿಯಲ್ಲೇ ಬರಬಹುದು, ಈಜುಕೊಳದಿಂದ. ಹತ್ತು ಪ್ಲಾಸ್ಟಿಕ್ ದೋಣಿ, ಹತ್ತು ಹುಟ್ಟು, ಹೆಲ್ಮೆಟ್ಟುಗಳು, ಒಬ್ಬ ತರಬೇತುದಾರ. ಆರಂಭಕ್ಕೆ ವಿದೇಶದ ಕಾರ್ಬನ್ ದೋಣಿಗಳೇ ಆಗಬೇಕೆಂದಿಲ್ಲ. ಮಕ್ಕಳು ಮೊದಲು ಕಲಿಯುವುದು ಈಜು, ಆಮೇಲೆ ಮಗುಚಿದ ದೋಣಿಯಿಂದ ಹೆದರದೆ ಹೊರಬರುವುದು, ಚೆಂಡು ಅದರ ನಂತರ. ಪ್ರತಿ ಬೇಸಿಗೆ ರಜೆಯಲ್ಲೂ ಕೃಷಿ ಹೊಂಡಕ್ಕೋ ಕೆರೆಗೋ ಬಿದ್ದ ಮಕ್ಕಳ ಸುದ್ದಿ ಓದುವ ಊರುಗಳಿಗೆ ಈ ಪಾಠದ ಬೆಲೆ ಗೊತ್ತು.

ವರ್ಷವರ್ಷ ದಸರಾ ಹತ್ತಿರ ಬಂದಾಗ ತಾಲ್ಲೂಕು ಮಟ್ಟದ ಕ್ರೀಡಾಕೂಟದ ಪಟ್ಟಿ ಹೊರಬೀಳುತ್ತದೆ: ಓಟ, ಕಬಡ್ಡಿ, ಖೊ ಖೊ, ವಾಲಿಬಾಲ್, ಥ್ರೋಬಾಲ್. ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಹೊಸಕೋಟೆ, ದೊಡ್ಡಬಳ್ಳಾಪುರದ ಕೆರೆಗಳು ತುಂಬುವುದೂ ಅದೇ ಹೊತ್ತಿಗೆ. ಆ ಪಟ್ಟಿಯಲ್ಲಿ ದೋಣಿಯ ಆಟವೊಂದು ಇನ್ನೂ ಸೇರಿಲ್ಲ.