ಗೇಣುದ್ದದ ರಬ್ಬರು

ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯ ಹದಿನಾಲ್ಕು ತಿರುವುಗಳನ್ನು, ಬಹುಮಟ್ಟಿಗೆ ಮೊದಲನೆಯ ಮತ್ತು ಎರಡನೆಯ ಗೇರುಗಳಲ್ಲಿಯೇ ಮುಗಿಸಿ, ಮೇಲಿನ ಸಮತಟ್ಟಿಗೆ ಬಂದು ಕಾರನ್ನು ನಿಲ್ಲಿಸಿದಾಗ, ಮಳೆಯಲ್ಲಿ ತೊಯ್ದ ಕಾಡಿನ ವಾಸನೆಯ ನಡುವೆ ಅದಕ್ಕೆ ಸಂಬಂಧಿಸದ ಮತ್ತೊಂದು ವಾಸನೆ, ಬೆಲ್ಲದ ಪಾಕವು ತಳ ಹಿಡಿಯುವುದಕ್ಕೆ ಮುನ್ನ ಏಳುವಂಥದು, ನನ್ನ ಮೂಗಿಗೆ ತಾಗಿತು. ಬಾನೆಟ್ಟನ್ನು ಎತ್ತಿ ನೋಡಲಾಗಿ, ಎಂಜಿನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪಿನ ತುದಿಯಲ್ಲಿ, ಕ್ಲಿಪ್ಪಿನ ಅಂಚಿಗೆ, ಹಸುರು ಹನಿಯೊಂದು ಮೆಲ್ಲನೆ ದುಂಡಗಾಗಿ, ಕೆಳಗಿನ ಬಿಸಿಲೋಹದ ಮೇಲೆ ಬಿದ್ದು, ಚುಂಯ್ ಎಂದು ಆವಿಯಾಗಿ ಹೋಗುತ್ತಿತ್ತು; ಅದು ಹೋದೊಡನೆ ಅದರ ಸ್ಥಾನದಲ್ಲಿ ಇನ್ನೊಂದು ಹುಟ್ಟುತ್ತಿತ್ತು. ಸೋರಿಕೆ ಅಲ್ಪವಾಗಿದ್ದುದರಿಂದ, ಎಂಜಿನು ತಣಿಯುವವರೆಗೆ ಕಾದು, ಕುಡಿಯಲು ತಂದಿದ್ದ ನೀರನ್ನು ಅದಕ್ಕೇ ಕುಡಿಸಿ, ಉಷ್ಣತೆಯ ಮುಳ್ಳಿನ ಮೇಲೊಂದು ಕಣ್ಣಿಟ್ಟುಕೊಂಡೇ ತೀರ್ಥಹಳ್ಳಿಯ ಮನೆಯನ್ನು ಸೇರಿದೆ.

ಗೇಣುದ್ದದ ರಬ್ಬರು ತುಂಡೊಂದು ಇಷ್ಟು ದೊಡ್ಡ ಯಂತ್ರವನ್ನು ತಡೆದು ನಿಲ್ಲಿಸಬಲ್ಲುದೇ ಎಂದು ಆಶ್ಚರ್ಯಪಡುವವರು, ಆ ಯಂತ್ರದ ಆಯವ್ಯಯವನ್ನು ಒಮ್ಮೆ ನೋಡತಕ್ಕುದು. ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರವೇ ಕೆಲಸವಾಗಿ ಪರಿಣಮಿಸುವುದು; ಸುಮಾರು ಅಷ್ಟೇ ದೊಡ್ಡದಾದ ಮತ್ತೊಂದು ಪಾಲು ಹೊಗೆಯೊಡನೆ ಸೈಲೆನ್ಸರಿನಿಂದ ಹೊರಬೀಳುವುದು; ಇನ್ನೊಂದು ಪಾಲು ಎಂಜಿನಿನ ಗೋಡೆಗಳಿಗೆ ಅಂಟಿ, ನೀರಿನ ಮೂಲಕ ಹೊರಗೆ ಸಾಗಬೇಕಾಗುವುದು. ಘಾಟಿಯೇರುವಾಗ ಎಂಜಿನು 20 ಕಿಲೋವಾಟ್ ಶಕ್ತಿಯನ್ನು ಚಕ್ರಗಳಿಗೆ ನೀಡುತ್ತಿದ್ದರೆ, ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ರೇಡಿಯೇಟರು ಗಾಳಿಗೆ ಚೆಲ್ಲುತ್ತಿರಬೇಕು, ಎಂದರೆ ಸ್ನಾನದ ಮನೆಯ 2 ಕಿಲೋವಾಟಿನ ಗೀಸರುಗಳು ಹತ್ತು ಏಕಕಾಲದಲ್ಲಿ ಉರಿಯುವಷ್ಟು. ಸಿಲಿಂಡರಿನಲ್ಲಿ ಉರಿಯುವ ಅನಿಲದ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸನ್ನು ಮೀರುವುದು. ಅದನ್ನು ಸುತ್ತುವರಿದ ಅಲ್ಯುಮಿನಿಯಮ್ಮಾದರೋ 660 ಡಿಗ್ರಿಗೆ ಕರಗುವ ಲೋಹ. ಇವೆರಡರ ನಡುವೆ ಸಂಧಾನವನ್ನು ನಡೆಯಿಸುವುದು ನೀರು.

ಆದಿಯಲ್ಲಿ ಈ ನೀರು ಕುದಿದು ಹಾರಿಹೋಗುತ್ತಿತ್ತು. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಡನೆ, ಪತಿ ಕಾರ್ಲ್ ಬೆಂಜ್ ರಚಿಸಿದ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ ಹೊರಟಾಗ, ದಾರಿಯುದ್ದಕ್ಕೂ ನೀರನ್ನು ಹುಡುಕಿ ತುಂಬುವುದೇ ಒಂದು ಉದ್ಯೋಗವಾಗಿತ್ತು. ಅದೇ ನೀರನ್ನು ತಣಿಸಿ ಮರಳಿ ಕಳುಹಿಸುವ ವಿದ್ಯೆಯಲ್ಲಿ ದೊಡ್ಡ ಹೆಜ್ಜೆಯನ್ನಿಟ್ಟವನು ವಿಲ್‌ಹೆಲ್ಮ್ ಮೈಬಾಖ್. 1900ರಲ್ಲಿ ಸಿದ್ಧವಾದ ಮೊದಲ ಮರ್ಸಿಡಿಸ್ ಕಾರಿಗಾಗಿ ಅವನು 8,070 ಕಿರುನಳಿಕೆಗಳನ್ನು ಜೇನುಹುಟ್ಟಿನಂತೆ ಒತ್ತಾಗಿ ಜೋಡಿಸಿದನು.

ರೇಡಿಯೇಟರು ಕಾರಿನ ಮೈಗೆ ಬಿಗಿಯಾಗಿ ಬಂಧಿತವಾದುದು. ಎಂಜಿನಾದರೋ ರಬ್ಬರಿನ ಗದ್ದುಗೆಗಳ ಮೇಲೆ ಕುಳಿತು, ಚಾಲೂ ಮಾಡಿದ ಕ್ಷಣದಿಂದ ಆರಿಸುವ ಕ್ಷಣದವರೆಗೆ ಅಲುಗುತ್ತಿರುವುದು. ಅಲುಗುವುದಕ್ಕೂ ಅಲುಗದುದಕ್ಕೂ ನಡುವೆ ತಾಮ್ರದ ಕೊಳವೆಯನ್ನು ಬೆಸೆದಿದ್ದರೆ ಅದು ಕೆಲವೇ ದಿನಗಳಲ್ಲಿ ಬಿರಿಯುತ್ತಿತ್ತು. ಇಲ್ಲಿ ಬೇಕಾದುದು ಮೆದುವಾದ ಪದಾರ್ಥ. ಆದರೆ ಮೆದುತನವೊಂದೇ ಸಾಲದು. ಏಕೆಂದರೆ ಈ ವ್ಯವಸ್ಥೆಯೆಲ್ಲ ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರಿನ ದಾಯಾದಿ. ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚಿನ ಒತ್ತಡವನ್ನು ಒಳಗೆ ಹಿಡಿದಿಡುವುದರಿಂದ, 100 ಡಿಗ್ರಿಗೆ ಕುದಿಯತಕ್ಕ ನೀರು 120ರವರೆಗೂ ಸುಮ್ಮನಿರುವುದು. ಬಿಸಿಯಾದ ಕುಕ್ಕರಿನ ಮುಚ್ಚಳವನ್ನು ಯಾವ ಗೃಹಿಣಿಯೂ ಬಲವಂತವಾಗಿ ತೆರೆಯುವುದಿಲ್ಲ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತಿರುಪಿ ಮುಖವನ್ನು ಬೇಯಿಸಿಕೊಳ್ಳುವ ಗಂಡಸರು ಮಾತ್ರ ಎಲ್ಲ ಊರುಗಳಲ್ಲಿಯೂ ಉಂಟು.

ನಾನು ರಾತ್ರಿಯೆಲ್ಲ ಕಾರನ್ನು ತಣಿಯಲು ಬಿಟ್ಟು, ಬೆಳಗ್ಗೆ ಕೆಲಸಕ್ಕೆ ತೊಡಗಿದೆ. ಬ್ಯಾಟರಿಯ ಒಂದು ತಂತಿಯನ್ನು ಕಳಚಿದುದು ಮೊದಲು. ಕೆಲವು ಕಾರುಗಳಲ್ಲಿ ವಿದ್ಯುತ್ ಫ್ಯಾನು ಬೀಗದ ಕೈ ಜೇಬಿನಲ್ಲಿದ್ದಾಗಲೂ ತಾನಾಗಿ ತಿರುಗತೊಡಗುವುದುಂಟು, ಅದಕ್ಕೆ ಬೆರಳುಗಳ ಪರಿಚಯವಿಲ್ಲ. ಕೆಳಗೆ ಅಗಲವಾದ ಬೋಗುಣಿಯನ್ನಿಟ್ಟು, ರೇಡಿಯೇಟರಿನ ಬುಡದ ತಿರುಪನ್ನು ಸಡಿಲಿಸಿದೊಡನೆ, ಘಾಟಿಯ ಮೇಲೆ ನಾನೇ ನೀರು ಬೆರೆಸಿ ಕೆಡಿಸಿದ ಮಾಸಲು ಹಸುರು ದ್ರವವು ಇಳಿದು ಬಂದಿತು. ಇದರಲ್ಲಿರುವ ಎಥಿಲೀನ್ ಗ್ಲೈಕಾಲು ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ನಾಯಿ ಬೆಕ್ಕುಗಳು ನೆಕ್ಕಿದರೆ ಮೂತ್ರಪಿಂಡಗಳು ಕೆಟ್ಟು ಸಾಯುತ್ತವೆ. ಆದಕಾರಣ ಬೋಗುಣಿಯನ್ನು ಅಂಗಳದಲ್ಲಿ ಬಿಡದೆ, ದ್ರವವನ್ನು ಡಬ್ಬಕ್ಕೆ ಸುರಿದು ಬಿರಡೆ ಬಿಗಿದೆ.

ಕ್ಲಿಪ್ಪು ತಿರುಪಿನದು, 1921ರಲ್ಲಿ ಲಮ್ಲೀ ರಾಬಿನ್ಸನ್ ಎಂಬ ಬ್ರಿಟಿಷ್ ನೌಕಾಧಿಕಾರಿಯು ಕಲ್ಪಿಸಿದ ಈ ಸಾಧನವು, ಪಟ್ಟಿಯ ಗೀರುಗಳಲ್ಲಿ ತಿರುಪು ಹಲ್ಲೂರಿ ನಡೆಯುವ ಅದೇ ರೂಪದಲ್ಲಿ ಇಂದಿಗೂ ಬದುಕಿದೆ. ಅದು ಸುಲಭವಾಗಿ ಸಡಿಲವಾಯಿತು; ಹೋಸು ಸಡಿಲವಾಗಲಿಲ್ಲ. ವರ್ಷಗಟ್ಟಲೆ ಬೆಂದ ರಬ್ಬರು ಲೋಹದೊಡನೆ ಒಂದಾಗಿರುವುದು. ಇಂಥಲ್ಲಿ ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟುವುದು ಅವಸರಗಾರರ ಕ್ರಮ. ಈಗಿನ ರೇಡಿಯೇಟರಿನ ಮೂತಿ ಪ್ಲಾಸ್ಟಿಕ್ಕಿನದಾಗಿರುವುದರಿಂದ, ಟಕ್ಕೆಂಬ ಒಂದು ಸದ್ದಿನಲ್ಲಿ ಹೋಸಿನ ಖರ್ಚು ರೇಡಿಯೇಟರಿನ ಖರ್ಚಾಗುವುದು. ಹೇಗೂ ಬಿಸಾಡತಕ್ಕ ಹೋಸಾದುದರಿಂದ, ನಾನು ಅದರ ತುದಿಗಳನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ, ಹಲಸಿನ ತೊಳೆಯ ಸಿಪ್ಪೆಯಂತೆ ಬಿಡಿಸಿ ತೆಗೆದೆ.

ತೆಗೆದ ತುಂಡನ್ನು ಪೂರ್ತಿ ಸೀಳಿ ಬಿಸಿಲಿಗೆ ಹಿಡಿದು ನೋಡಿದೆ. ಹೊರಮೈ ಕಪ್ಪಗೆ, ಹೊಳಪಾಗಿ, ಯಾವ ದೋಷವೂ ಇಲ್ಲದ್ದು. ಒಳಮೈಯಲ್ಲಿ, ಎಂಜಿನಿನ ಕಡೆಯ ತುದಿಯಿಂದ ಎರಡು ಅಂಗುಲದವರೆಗೆ, ಕೂದಲೆಳೆಯಷ್ಟು ಸಪೂರವಾದ ಗೀರುಗಳು ಉದ್ದುದ್ದಕ್ಕೆ ಓಡಿದ್ದವು. ಬಗ್ಗಿಸಿದರೆ ಅವು ಬಾಯಿಬಿಟ್ಟು, ಒಳಗೆ ಹೆಣೆದ ನೂಲಿನ ಬಿಳುಪು ಕಾಣುತ್ತಿತ್ತು. ಇದು ಉಜ್ಜಿ ಸವೆದುದಲ್ಲ, ಬಿಸಿಲಿಗೆ ಒಣಗಿದುದೂ ಅಲ್ಲ. ರಬ್ಬರಿನಲ್ಲಿ ಕಲಸಿದ ಇಂಗಾಲದ ಮಸಿ, ಎಂಜಿನಿನ ಲೋಹದ ಮೂತಿ, ಇವೆರಡನ್ನೂ ತೋಯಿಸುವ ದ್ರವ, ಈ ಮೂರೂ ಕೂಡಿ ಅತಿ ದುರ್ಬಲವಾದ ವಿದ್ಯುತ್ಕೋಶವೊಂದನ್ನು ಏರ್ಪಡಿಸುತ್ತವೆ. ಆ ರಾಸಾಯನಿಕ ಕ್ರಿಯೆಯಿಂದ ರಬ್ಬರು ಒಳಗಿನಿಂದ ಬಿರಿಯುತ್ತದೆ, ಬಿರುಕು ನೂಲನ್ನು ಮುಟ್ಟುತ್ತದೆ, ನೂಲು ದ್ರವವನ್ನು ಹೀರಿ ಕ್ಲಿಪ್ಪಿನ ಅಂಚಿಗೆ ತಂದು ಬಿಡುತ್ತದೆ. ಆದುದರಿಂದ ಹೋಸಿನ ಪರೀಕ್ಷೆಗೆ ಕಣ್ಣು ನಂಬತಕ್ಕ ಸಾಕ್ಷಿಯಲ್ಲ. ಎಂಜಿನು ತಣ್ಣಗಿರುವಾಗ ತುದಿಯ ಬಳಿ ಹೆಬ್ಬೆರಳು ತೋರುಬೆರಳುಗಳಿಂದ ಹಿಸುಕಿ, ನಡುಭಾಗವನ್ನೂ ಹಿಸುಕಿ ಹೋಲಿಸಬೇಕು. ತುದಿ ನಡುವಿಗಿಂತ ಮೆತ್ತಗಾಗಿದ್ದರೆ ಅದರ ಆಯುಸ್ಸು ಮುಗಿಯಿತೆಂದೇ ಅರ್ಥ.

ಹೊಸದನ್ನು ಕೂರಿಸುವುದು ಹೆಚ್ಚು ಮಾತಿನ ವಿಷಯವಲ್ಲ. ಮೂತಿಗೆ ಅಂಟಿದ್ದ ಬಿಳಿಯ ಹುರುಪೆಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಕ್ಲಿಪ್ಪುಗಳನ್ನು ಮರೆಯದೆ ಮೊದಲೇ ಹೋಸಿಗೆ ತೊಡಿಸಿ (ಮರೆತೆನೆಂಬುದನ್ನು ಒಪ್ಪಿಕೊಳ್ಳಲೇಬೇಕು, ಎರಡನೆಯ ಸಲ ಮರೆಯಲಿಲ್ಲ), ಜಾರಲೆಂದು ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಹಚ್ಚದೆ, ನೀರನ್ನೇ ಸವರಿ ತಿರುಚುತ್ತ ಒಳಕ್ಕೆ ತಳ್ಳಿದೆ, ಎಣ್ಣೆಯು ಈ ಜಾತಿಯ ರಬ್ಬರನ್ನು ಉಬ್ಬಿಸಿ ಕೆಡಿಸುವುದು. ಮೂತಿಯ ಉಬ್ಬುಗೆರೆಯನ್ನು ದಾಟಿದ ಮೇಲೆಯೇ ಕ್ಲಿಪ್ಪಿನ ಸ್ಥಾನ.

ಕೂಲಂಟನ್ನು ಸಮಪಾಲು ಬ್ಯಾಟರಿ ನೀರಿನೊಡನೆ ಬೆರೆಸಿದೆ. ಬೋರ್‌ವೆಲ್ಲಿನ ಗಡಸು ನೀರು ನಳಿಕೆಗಳಲ್ಲಿ ಸುಣ್ಣ ಕಟ್ಟುವುದು. ಈ ಮಿಶ್ರಣವು ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದೆಂಬ ಗುಣ ತೀರ್ಥಹಳ್ಳಿಗೆ ನಿಷ್ಪ್ರಯೋಜಕವಾದರೂ, ತುಕ್ಕನ್ನು ತಡೆಯುವ ಮತ್ತು ಕುದಿಬಿಂದುವನ್ನು ಏರಿಸುವ ಗುಣಗಳು ಇಲ್ಲಿಯೂ ಬೇಕಾದುವೇ. ಬ್ಯಾಟರಿಯ ತಂತಿಯನ್ನು ಮತ್ತೆ ಕಟ್ಟಿ, ಮುಚ್ಚಳವನ್ನು ತೆರೆದಿಟ್ಟೇ ಎಂಜಿನನ್ನು ಚಾಲೂ ಮಾಡಿ, ಒಳಗೆ ಸಿಕ್ಕಿಕೊಂಡ ಗಾಳಿಯು ಗುಳುಗುಳು ಎಂದು ಹೊರಬರುವವರೆಗೆ ಕಾದು, ದ್ರವವು ಬೆಚ್ಚಗಾಗುವುದಕ್ಕೆ ಮುನ್ನ ಮುಚ್ಚಿ, ಹೊಸ ಹೋಸಿನ ಮೇಲೆ ಅಂಗೈಯನ್ನಿಟ್ಟೆ.

ಬಹಳ ಹೊತ್ತು ಅದು ತಣ್ಣಗೇ ಇತ್ತು. ಎಂಜಿನಿನ ಬಾಯಿಯಲ್ಲಿ ಥರ್ಮೋಸ್ಟಾಟೆಂಬ ದ್ವಾರಪಾಲಕನುಂಟು. ಅವನ ಉದರದಲ್ಲಿರುವುದು ಒಂದು ಮುದ್ದೆ ಮೇಣ. ದ್ರವವು ಎಂಬತ್ತು ಚಿಲ್ಲರೆ ಡಿಗ್ರಿಗೆ ಏರಿದಾಗ ಆ ಮೇಣ ಕರಗಿ, ಹಿಗ್ಗಿ, ಕದವನ್ನು ನೂಕುವುದು. ಆ ಕ್ಷಣವು ಅಂಗೈಗೆ ತಿಳಿಯಿತು: ರಬ್ಬರು ಒಮ್ಮೆ ನಡುಗಿ, ನೋಡುನೋಡುತ್ತಿದ್ದಂತೆ ಕೈಯಿಡಲಾಗದಷ್ಟು ಬಿಸಿಯಾಯಿತು, ಸ್ವಲ್ಪ ಹೊತ್ತಿನ ಮೇಲೆ ಫ್ಯಾನು ತಾನಾಗಿ ತಿರುಗತೊಡಗಿತು. ಕ್ಲಿಪ್ಪಿನ ಅಂಚು ಒಣಗಿದಂತೆಯೇ ಉಳಿಯಿತು. ಮರುದಿನ ಮುಂಜಾನೆ ತಣಿದ ಮೇಲೆ ನೋಡಿದರೆ ಮಟ್ಟವು ಅರ್ಧ ಲೋಟದಷ್ಟು ಇಳಿದಿತ್ತು. ಗಾಳಿ ಬಿಟ್ಟುಕೊಟ್ಟ ಜಾಗ ಅದು. ಅಷ್ಟನ್ನು ತುಂಬಿ ಬಾನೆಟ್ಟನ್ನು ಮುಚ್ಚಿದೆ.